ಒಣಬೆನ್ನಿನ ಗಟ್ಟಿಗಿತ್ತಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಭಾಗದ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ರೋಲರ್ ಯಂತ್ರ ಆಗಲೇ ಕಾದು ನಿಂತಿದೆ. ಒಂದು ಬದಿಯಿಂದ ಒದ್ದೆ ಬೆಡ್‌ಶೀಟ್ ತೂರಿಸಿದರೆ ಇನ್ನೊಂದು ಬದಿಯಲ್ಲಿ ಗರಿಗರಿಯಾಗಿ ಇಳಿಯುತ್ತದೆ. ಇಬ್ಬರು ಹೆಂಗಸರು ಒಂದೊಂದು ಅಂಚು ಹಿಡಿದು, ಸುಕ್ಕು ಬೀಳದಂತೆ ಎಳೆದು ಅದಕ್ಕೆ ಉಣಿಸುತ್ತಿದ್ದಾರೆ. ಎಡಗಡೆ ನಿಂತವಳು ಸೊಸೆ. ಅಂಗಿಯ ಬೆನ್ನು ಆಗಲೇ ಮೈಗೆ ಅಂಟಿದೆ, ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿದೆ. ಬಲಗಡೆ ಅತ್ತೆ. ಅವರ ಬೆನ್ನು ಮಾತ್ರ ಈಗಷ್ಟೇ ಇಸ್ತ್ರಿಯಿಂದ ಬಂದಂತೆ ಒಣಗಿಯೇ ಇದೆ.

ಆ ಬೆನ್ನಿಗೆ ಇಲ್ಲಿ ದೊಡ್ಡ ಹೆಸರು. ಲಾಂಡ್ರಿಯವರೆಲ್ಲ ಅತ್ತೆಯನ್ನು ಕರೆಯುವುದೇ ಗಟ್ಟಿಗಿತ್ತಿ ಎಂದು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ಇದೇ ಜಾಗದಲ್ಲಿ ನಿಂತಿದ್ದಾರೆ. ದಿನಕ್ಕೆ ಆರೇಳು ನೂರು ಬೆಡ್‌ಶೀಟುಗಳು ಈ ಕೈಗಳನ್ನು ದಾಟಿ ಮೇಲಿನ ವಾರ್ಡುಗಳಿಗೆ ಹೋಗುತ್ತವೆ. ಅವುಗಳ ಮೇಲೆ ಮಲಗುವ ಯಾರೂ ಇವರನ್ನು ಕಂಡಿಲ್ಲ.

ರೋಲರ್ ಮುಂದೆ ನಿಲ್ಲುವವರಿಗೆ ಬಿಡುವು ಕೊಡಲು ಇಲ್ಲೊಂದು ಪದ್ಧತಿ ಇತ್ತು. ಯಾರ ಬೆನ್ನು ಮೊದಲು ಒದ್ದೆಯಾಗುತ್ತದೋ ಅವರು ಕಿಟಕಿಯ ಬಳಿ, ಗೋಡೆಯ ಫ್ಯಾನಿನ ಕೆಳಗೆ ಬಟ್ಟೆ ಮಡಿಸಲು ಹೋಗಬೇಕು. ಯಾವಾಗಿನಿಂದ ಬಂತೋ ಗೊತ್ತಿಲ್ಲ, ಆದರೆ ನ್ಯಾಯವಾಗಿಯೇ ಇದೆ ಎಂದು ಎಲ್ಲರಿಗೂ ಅನ್ನಿಸಿತ್ತು. ಗಟ್ಟಿಗಿತ್ತಿಯ ಬೆನ್ನು ಒದ್ದೆಯಾಗುತ್ತಲೇ ಇರಲಿಲ್ಲ. ಹಾಗಾಗಿ ಫ್ಯಾನಿನ ಸರದಿಯೂ ಬರುತ್ತಿರಲಿಲ್ಲ. ಅವರು ಕೇಳಲೂ ಇಲ್ಲ.

ಕೇಳದಿರುವುದಕ್ಕೆ ಕಾರಣವಿತ್ತು. ಚಿಕ್ಕಂದಿನಲ್ಲಿ ತಾಯಿ ಅಕ್ಕಪಕ್ಕದವರ ಮುಂದೆ, ಇವಳಿಗೆ ಬಿಸಿಲೇ ತಾಗುವುದಿಲ್ಲ ಎಂದು ಹೇಳಿಕೊಂಡು ಬೀಗುತ್ತಿದ್ದರಂತೆ. ಮದುವೆಯಾದ ಮನೆಯಲ್ಲೂ ಒಲೆಯ ಮುಂದಿನ ಜಾಗ ಇವರಿಗೇ ಮೀಸಲಾಯಿತು. "ಯಾರೂ ನನ್ನ ಚೆಲುವೆ ಅನ್ಲಿಲ್ಲ, ಜಾಣೆ ಅನ್ಲಿಲ್ಲ. ಗಟ್ಟಿಗಿತ್ತಿ ಅಂದ್ರು. ಸಿಕ್ಕಿದ್ದನ್ನೇ ಗಟ್ಟಿಯಾಗಿ ಹಿಡ್ಕೊಂಡೆ" ಎನ್ನುತ್ತಾರೆ.

ನಾಲ್ಕು ವರ್ಷದ ಹಿಂದೆ ಸೊಸೆಯೂ ಇಲ್ಲಿಗೇ ಕೆಲಸಕ್ಕೆ ಬಂದಳು. ಮೊದಲ ವಾರದಲ್ಲೇ ಅವಳಿಗೆ 'ನಲ್ಲಿ' ಎಂಬ ಹೆಸರು ಬಿತ್ತು. ಯಂತ್ರದ ಮುಂದೆ ನಿಂತ ಸ್ವಲ್ಪ ಹೊತ್ತಿಗೇ ಸೋರುವವಳು, ದಿನದ ಮುಕ್ಕಾಲು ಪಾಲು ಫ್ಯಾನಿನ ಕೆಳಗೇ ಇರುವವಳು. ಅತ್ತೆಗೆ ನಾಲ್ಕು ಜನರ ಮುಂದೆ ತಲೆ ತಗ್ಗಿಸುವಂತಾಗುತ್ತಿತ್ತು. ಮೈಗಳ್ಳಿ ಎಂದು ಬಾಯಿಬಿಟ್ಟು ಹೇಳಲಿಲ್ಲ. ನಿನ್ನ ಪಕ್ಕದಲ್ಲಿ ಒಂದು ಬಕೆಟ್ ಇಡಬೇಕು ಕಣೇ ಎಂದು ಮನೆಯಲ್ಲಿ ಕುಟುಕುತ್ತಿದ್ದರು. ಸೊಸೆಯೂ ಸುಮ್ಮನಿರುವವಳಲ್ಲ. "ನಾನು ಬೆವರ್ತೀನಿ, ಅತ್ತೆ ಬೈತಾರೆ. ಇಬ್ರಿಗೂ ಅದರಲ್ಲೇ ತಂಪು" ಎಂದು ನಗುತ್ತಾಳೆ.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ರೋಲರಿನಿಂದ ಬೆಡ್‌ಶೀಟ್ ಸೊಟ್ಟಗೆ ಇಳಿಯಿತು. ಹಿಂದೆಯೇ ಇನ್ನೊಂದೂ ಸೊಟ್ಟ. ಮಡಿಸುತ್ತಿದ್ದ ಸೊಸೆ ತಲೆಯೆತ್ತಿದಳು, ಅತ್ತೆಯ ಕೈಯಿಂದ ಸೊಟ್ಟ ಬಟ್ಟೆ ಬಂದದ್ದನ್ನು ಅವಳು ಕಂಡೇ ಇರಲಿಲ್ಲ. ಓಡಿ ಬರುವಷ್ಟರಲ್ಲಿ ಅತ್ತೆ ನೆಲದ ಮೇಲಿದ್ದರು. ಮೈ ಕಾದ ಕಬ್ಬಿಣ, ಒಂದು ಹನಿ ಬೆವರಿಲ್ಲ. ಹಸಿದಿರಬೇಕು, ಸಕ್ಕರೆ ತನ್ನಿ ಎಂದು ಉಳಿದವರು ಗಡಿಬಿಡಿ ಮಾಡುತ್ತಿದ್ದಾಗ, ಆಗಷ್ಟೇ ಒಗೆದು ಬಂದಿದ್ದ ಗಾಡಿಯಿಂದ ಒದ್ದೆ ಬೆಡ್‌ಶೀಟುಗಳನ್ನು ಎಳೆದು ಸೊಸೆ ಅತ್ತೆಯನ್ನು ಅಡಿಯಿಂದ ಮುಡಿಯವರೆಗೆ ಸುತ್ತಿದಳು. ಫ್ಯಾನನ್ನು ಅವರ ಕಡೆಗೆ ತಿರುಗಿಸಿದಳು. ಆಮೇಲೆ ಎಲ್ಲರೂ ಸೇರಿ ಮೇಲಿನ ವಾರ್ಡಿಗೆ ಹೊತ್ತೊಯ್ದರು. "ನಾನೇ ಇಸ್ತ್ರಿ ಮಾಡಿದ ಹಾಸಿನ ಮೇಲೆ ಮಲಗಿದ್ದೆ. ಎಡಗಡೆ ಅಂಚು ಸ್ವಲ್ಪ ಸುಕ್ಕಿತ್ತು. ಅದು ಇವಳ ಕಡೇದು" ಎಂದು ಅತ್ತೆ ಈಗ ತಮಾಷೆ ಮಾಡುತ್ತಾರೆ.

ವೈದ್ಯೆ ಹೇಳಿದ್ದು ಸರಳ. ಒಂದೇ ಕೋಣೆ, ಒಂದೇ ಬಿಸಿ, ಒಂದೇ ಕೆಲಸ ಆದರೂ ಒಬ್ಬೊಬ್ಬರ ಮೈ ಒಂದೊಂದು ಥರ. ಕೆಲವರು ಬೇಗ ಬೆವರುತ್ತಾರೆ, ಕೆಲವರು ತೀರಾ ಕಡಿಮೆ, ವಯಸ್ಸಾದಂತೆ ಇನ್ನೂ ಕಡಿಮೆ. ಬೆವರು ಮೈಯನ್ನು ತಣಿಸುತ್ತದೆ. ಬೆನ್ನು ಒಣಗಿದೆ ಎಂದರೆ ಬಿಸಿ ತಾಗಿಲ್ಲ ಎಂದಲ್ಲ, ಹೊರಗೆ ಹೋಗದೆ ಒಳಗೇ ಸೇರುತ್ತಿದೆ ಎಂದೂ ಇರಬಹುದು. ನಲ್ಲಿಯ ಮೈ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು. ಲಾಂಡ್ರಿಯವರು ಬಿಡುವು ಬೇಕಾದವರನ್ನೇ ಯಂತ್ರದ ಮುಂದೆ ನಿಲ್ಲಿಸಿಕೊಂಡಿದ್ದರು.

"ಇಷ್ಟು ವರ್ಷ ಗಟ್ಟಿಗಿತ್ತಿ. ಒಂದೇ ಮಧ್ಯಾಹ್ನಕ್ಕೆ ರೋಗಿಷ್ಠೆ" ಎನ್ನುವಾಗ ಅತ್ತೆಯ ದನಿ ತಗ್ಗುತ್ತದೆ. ಮೇಲ್ವಿಚಾರಕಿ ಅವರನ್ನು ಹರಿದ ಬಟ್ಟೆ ಹೊಲಿಯುವ ಕೋಣೆಗೆ ಹಾಕಲು ಹೊರಟಾಗ ಎರಡು ದಿನ ಊಟ ಸೇರಲಿಲ್ಲವಂತೆ. ನೆರಳಿನ ಕೆಲಸ, ಕೂತು ಮಾಡುವ ಕೆಲಸ. ಆದರೂ ಬೇಡ. ಅಲ್ಲಿ ತಾನು ಯಾರೆಂದು ಅವರಿಗೇ ಗೊತ್ತಿಲ್ಲ. ಕೊನೆಗೆ ಅವರ ಪರವಾಗಿ ಹೋಗಿ ಮಾತಾಡಿದವಳು ಸೊಸೆ. ಹಳೆಯ ಪದ್ಧತಿ ಹೋಯಿತು. ಈಗ ಒಂದು ಗಾಡಿ ಬಟ್ಟೆ ಮುಗಿದರೆ, ಬೆನ್ನು ಒದ್ದೆ ಇರಲಿ ಒಣಗಿರಲಿ, ಯಂತ್ರದ ಇಬ್ಬರೂ ಫ್ಯಾನಿನ ಕೆಳಗೆ, ಮಡಿಸುವವರು ಯಂತ್ರಕ್ಕೆ. ಅತ್ತೆಗೆ ಈ ಬೇಸಿಗೆ ಪರೀಕ್ಷೆ. ಒಂದು ಸಲ ಫ್ಯಾನಿನ ಸರದಿ ತಪ್ಪಿಸಿದರೂ ಮರುದಿನದಿಂದ ಹೊಲಿಗೆ ಕೋಣೆಯೇ.

ಹೊತ್ತೇರಿದೆ. ಗಾಡಿ ಖಾಲಿಯಾಗುತ್ತದೆ, ಮುಂದಿನದು ಬಂದು ನಿಲ್ಲುತ್ತದೆ. ಇನ್ನೂ ಹಾಸು ಬಂದಿಲ್ಲ ಎಂದು ವಾರ್ಡಿನಿಂದ ಎರಡು ಸಲ ಫೋನ್ ಬಂದಿದೆ. ಅತ್ತೆಯ ಕೈ ತಾನಾಗಿಯೇ ಹೊಸ ಬೆಡ್‌ಶೀಟಿನ ಅಂಚಿಗೆ ಹೋಗುತ್ತದೆ. ಬಾಗಿಲಲ್ಲಿ ಮೇಲ್ವಿಚಾರಕಿ ನಿಂತಿದ್ದಾರೆ. ಸೊಸೆ ಬಕೆಟ್ಟಿನಲ್ಲಿ ಟವೆಲ್ ಅದ್ದಿ ಹಿಂಡುತ್ತಾ ನಿಲ್ಲುತ್ತಾಳೆ.

ಅತ್ತೆ ಅಂಚನ್ನು ಒಮ್ಮೆ ಸವರಿ, ಸರದಿಗೆ ಬಂದವಳ ಕೈಗಿಟ್ಟು, ಕಿಟಕಿಯ ಕಡೆ ನಡೆಯುತ್ತಾರೆ.

ಸೊಸೆ ಹಿಂದಿನಿಂದ ಬಂದು ಒದ್ದೆ ಟವೆಲನ್ನು ಅವರ ಹೆಗಲ ಮೇಲೆ ಹರಡುತ್ತಾಳೆ. ನೀರು ನಿಧಾನಕ್ಕೆ ಅಂಗಿಗೆ ಇಳಿಯುತ್ತದೆ. ಏನು ಆಸೆ ಎಂದು ಅತ್ತೆಯನ್ನು ಕೇಳಿದರೆ, ಕೆಲಸ ಬಿಡುವ ದಿನದವರೆಗೂ ಬಲಗಡೆ ಅಂಚು ತಮ್ಮ ಕೈಯಲ್ಲೇ ಇದ್ದರೆ ಸಾಕು ಎನ್ನುತ್ತಾರೆ. ಆಮೇಲೆ ಕೈ ಹಿಂದೆ ಮಾಡಿ ಬೆನ್ನು ಮುಟ್ಟಿ ನೋಡಿಕೊಳ್ಳುತ್ತಾರೆ.

"ನೋಡಿ, ನನ್ನ ಬೆನ್ನೂ ಒದ್ದೆ ಆಯ್ತು. ಇದು ಸೊಸೆ ಕೊಟ್ಟ ಬೆವರು."