ಗರಸಿನೊಳಗಿನ ಹಿಡಿಮಣ್ಣು

ದೆವ್ವ, ಗಾಳಿ, ಸೂಚನೆ ಎಂದೆಲ್ಲ ಹೇಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಮಣ್ಣನ್ನು ಪರೀಕ್ಷಿಸುವುದು ನನ್ನ ಕೆಲಸ. ಮಣ್ಣಿನಲ್ಲಿ ಕಾರಣವಿಲ್ಲದೆ ಏನೂ ಇರುವುದಿಲ್ಲ ಎಂದು ಊರೂರಿನ ರೈತರಿಗೆ ಹೇಳಿಕೊಂಡು ತಿರುಗಿದವನು ನಾನು. ಇಂಥ ಅನುಭವಗಳು ನಡುರಾತ್ರಿಯಲ್ಲೇ ಆಗಬೇಕೆಂಬ ನಿಯಮವಿದ್ದರೆ ಕ್ಷಮಿಸಿ, ನನಗಾದದ್ದು ಮಟಮಟ ಮಧ್ಯಾಹ್ನ.

ಕೆಲವು ವರ್ಷಗಳ ಹಿಂದಿನ ಮಾತು. ಚಿಂತಾಮಣಿಯಲ್ಲಿ ಶಿಕ್ಷಕಿಯಾಗಿದ್ದ ರತ್ನಮ್ಮ ಎಂಬುವರು ಶಿಡ್ಲಘಟ್ಟದ ಹತ್ತಿರವಿದ್ದ ತಮ್ಮ ಹಿಪ್ಪುನೇರಳೆ ತೋಟಕ್ಕೆ ನನ್ನನ್ನು ಕರೆಸಿದ್ದರು. ತೋಟ ಮಾಡುತ್ತಿದ್ದ ಅವರ ತಾಯಿ ತೀರಿಕೊಂಡು ವರ್ಷ ತುಂಬಿರಲಿಲ್ಲ. ಇಟ್ಟಿಗೆ ಗೂಡಿನವರು ಮೇಲಿನ ಮಣ್ಣನ್ನು ಕೇಳಿದ್ದರು. ರತ್ನಮ್ಮನವರ ಗಂಡ ಒಪ್ಪಿಯೂ ಆಗಿತ್ತು, ಮರುದಿನವೇ ಲಾರಿ ಬರುವುದಿತ್ತು.

"ಮೇಲಿಂದು ಹೋದ್ರೂ ಕೆಳಗಿನ ಮಣ್ಣಲ್ಲಿ ಗಿಡ ಬರುತ್ತೆ ಅಂತಾರೆ ನಮ್ಮನೆಯವರು. ನಿಜಾನಾ ಸಾರ್? ನೀವು ಹೇಳ್ದಂಗೆ ಮಾಡ್ತೀನಿ" ಎಂದರು.

ಅದನ್ನು ತಿಳಿಯಲು ಗುಂಡಿ ತೋಡಿಸಿ ಅದರ ಗೋಡೆಯನ್ನು ನೋಡಬೇಕು. ಆಳುಗಳು ಬೆಳಿಗ್ಗೆಯೇ ತೋಡಿ ಹೋಗಿದ್ದರು. ನಾನು ಇಳಿದು ಚಾಕುವಿನಿಂದ ಗೋಡೆ ಕೆರೆಯತೊಡಗಿದೆ. ಮೇಲೆ ಗೇಣುದ್ದ ಕಪ್ಪಿಗೆ ತಿರುಗಿದ ಮಣ್ಣು, ಬೇರು, ಎರೆಹುಳು. ನೀರು ಹಿಡಿದು ಗಿಡ ಸಾಕುವುದು ಅದೇ, ಅದು ಹೋದರೆ ನಮ್ಮ ಕಾಲದಲ್ಲಿ ಮತ್ತೆ ಹುಟ್ಟುವುದಿಲ್ಲ. ಅದರ ಕೆಳಗೆ ಕೆಂಪು ಜೇಡಿ, ಆಮೇಲೆ ಕಲ್ಲಿನಂಥ ಗರಸು. ಹಿಂದೆ ಯಾರಾದರೂ ಅಗೆದಿದ್ದರೆ ಪದರಗಳು ಕದಡಿದ ಗುರುತು ಉಳಿದೇ ಉಳಿಯುತ್ತದೆ. ಇಲ್ಲಿ ಅಂಥದ್ದೇನೂ ಇರಲಿಲ್ಲ.

ಸೊಂಟದ ಮಟ್ಟದಲ್ಲಿ, ಗಟ್ಟಿ ಗರಸಿನ ನಡುವೆ, ಚಾಕು ಮೆತ್ತಗೆ ಒಳಗೆ ಹೋಯಿತು. ಒಂದು ಉಂಡೆ ಕೈಗೆ ಬಂತು. ಮೇಲ್ಮಣ್ಣಿನ ಉಂಡೆ, ಈಗಷ್ಟೇ ಯಾರೋ ಮುಷ್ಟಿಯಲ್ಲಿ ಹಿಸುಕಿಟ್ಟ ಹಾಗೆ ಹಸಿಹಸಿ. ಬೆರಳುಗಳ ಅಚ್ಚು ಸ್ಪಷ್ಟವಾಗಿತ್ತು. ಮೂರು ಪೂರ್ತಿ, ಒಂದು ಅರ್ಧ.

ಗುಂಡಿಯ ಅಂಚಿನಲ್ಲಿ ನಿಂತಿದ್ದ ರತ್ನಮ್ಮ ಬಗ್ಗಿ ಕೈ ಚಾಚಿದರು, ಕೊಟ್ಟೆ. ಬಹಳ ಹೊತ್ತು ನೋಡಿ ಬದುವಿನ ಮೇಲೆ ಕುಳಿತುಬಿಟ್ಟರು.

"ನೀರು ಬಿಡೋಕ್ ಮುಂಚೆ ನಮ್ಮಮ್ಮ ಹಿಂಗೇ ಹಿಸುಕಿ ನೋಡೋಳು. ಉಂಡೆ ನಿಂತ್ರೆ, ಸಾಕು, ಇವತ್ತು ನೀರು ಬೇಡ ಅನ್ನೋಳು. ಸೊಪ್ಪು ಕತ್ತರಿಸೋ ಮಿಷಿನ್ನಲ್ಲಿ ಅವಳ ಬೆರಳು ಅರ್ಧ ಹೋಗಿತ್ತು ಸಾರ್."

ಆಕೆಯನ್ನು ನಾನು ಕಂಡವನೇ ಅಲ್ಲ. ಆಳುಗಳ ಕಿತಾಪತಿಯೇ ಇರಬೇಕೆಂದು ಗುಂಡಿಯ ಗೋಡೆಯನ್ನು ಮತ್ತೆ ಮತ್ತೆ ಕೆರೆದೆ. ಇಲಿಬಿಲ, ಗೆದ್ದಲಿನ ದಾರಿ, ಸತ್ತ ಬೇರಿನ ಸಂದು, ಎಲ್ಲ ಹುಡುಕಿದೆ. ಉಂಡೆ ಕುಳಿತಿದ್ದ ಜಾಗದ ಸುತ್ತ ಗರಸು ಕೂದಲೆಳೆಯಷ್ಟೂ ಬಿರುಕು ಬಿಟ್ಟಿರಲಿಲ್ಲ.

ಪರೀಕ್ಷೆಗೆ ಬೇಕೆಂದು ಉಂಡೆಯನ್ನು ಕೇಳಿದೆ.

"ಪರೀಕ್ಷೆ ಅಂದ್ರೆ ಏನ್ ಮಾಡ್ತೀರಾ?"

"ಒಣಗಿಸಿ, ಕುಟ್ಟಿ ಪುಡಿ ಮಾಡಿ, ಜರಡಿ ಹಿಡೀತೀವಿ."

ಅವರು ಗಂಡನಿಗೆ ಫೋನ್ ಮಾಡಿದರು. "ಲಾರಿ ಬೇಡ ಅಂತ ಹೇಳ್ಬಿಡಿ. ಯಾಕೆ ಅಂತ ಮನೇಗ್ ಬಂದು ಹೇಳ್ತೀನಿ." ಕೆಳಗಿನ ಮಣ್ಣಲ್ಲಿ ಗಿಡ ಬರುತ್ತದೆಯೇ ಎಂಬ ಅವರ ಪ್ರಶ್ನೆಗೆ ನಾನಿನ್ನೂ ಉತ್ತರವನ್ನೇ ಕೊಟ್ಟಿರಲಿಲ್ಲ. ಆಮೇಲೆ ಉಂಡೆಯನ್ನು ನನ್ನ ಕೈಗಿಟ್ಟು, "ಪುಡಿ ಮಾಡ್ಲೇಬೇಕು ಅಂದ್ರೆ ಮಾಡಿ ಸಾರ್" ಎಂದರು.

ಮಾಡಿದ್ದರೆ ಇವತ್ತು ನಿಮಗೆ ಏನಾದರೂ ವಿವರಣೆ ಕೊಡಬಹುದಿತ್ತೇನೋ. ನನ್ನಿಂದ ಆಗಲಿಲ್ಲ. ಅದನ್ನು ಇದ್ದ ಜಾಗದಲ್ಲೇ ಇಟ್ಟು, ಗುಂಡಿಯನ್ನು ನಾನೇ ಮುಚ್ಚಿದೆ. ಈಗ ಅಲ್ಲಿ ಅಗೆದವರಿಗೆ ಕದಡಿದ ಪದರಗಳು ಕಾಣುತ್ತವೆ, ಇದನ್ನು ಯಾರೋ ಹೂತಿಟ್ಟಿದ್ದಾರೆ ಎಂದು ಸುಲಭವಾಗಿ ಹೇಳಿಬಿಡುತ್ತಾರೆ. ಹೌದು, ಹೂತಿಟ್ಟವನು ನಾನೇ. ಅದಕ್ಕೂ ಮೊದಲು ಅಲ್ಲಿ ಇಟ್ಟವರು ಯಾರೆಂದು ಮಾತ್ರ ನನಗೆ ಇವತ್ತಿಗೂ ತಿಳಿಯದು.