ಮಾಸ್ಟರ ಎದೆಯಳತೆ

ಹೆಂಗಸರ ಬಟ್ಟೆ ಹೊಲಿಯುವುದರಲ್ಲಿ ಮಾಸ್ಟರದು ಎತ್ತಿದ ಕೈ. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲೇ ಅವರ ಕಣ್ಣಳತೆ ಮುಗಿದಿರುತ್ತಿತ್ತು; ಟೇಪು ಹಿಡಿಯುತ್ತಿದ್ದುದು ಬರೀ ಮರ್ಯಾದೆಗೆ. ಪಕ್ಕದ ಸ್ಟೂಲಿನ ಮೇಲೆ ಕೂತು ಹುಕ್ಕು, ಗುಂಡಿ ಹಚ್ಚುವ ಕೆಲಸ ಹೆಂಡತಿಯದು. ಮದುವೆಯಾದಾಗಿನಿಂದ ಇಬ್ಬರೂ ಹೀಗೇ ಕೂತಿದ್ದಾರೆ, ದಿನಕ್ಕೆ ಒಂದಾದರೂ ಜಗಳವಾಡದೆ ಅಂಗಡಿ ಮುಚ್ಚಿದವರಲ್ಲ.

ಅರವತ್ತು ದಾಟುತ್ತಿದ್ದಂತೆ ಮಾಸ್ಟರಿಗೆ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಕಾಣಿಸಿತು. ಡಾಕ್ಟರಮ್ಮ ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಕಾಯಿಲೆಯೇನೋ ಹೇಳಿದ ಮಾತು ಕೇಳಿ ತೆಪ್ಪಗಾಯಿತು. ಮಾತು ಕೇಳದೆ ಹೋದದ್ದು ಮೈ. ಇದ್ದಕ್ಕಿದ್ದಂತೆ ಮುಖಕ್ಕೆ ಬಿಸಿ ಏರಿ ಬೆವರು ಇಳಿಯುತ್ತಿತ್ತು. ಎದೆ ಮುಟ್ಟಿದರೆ ನೋವು. ಕೆಲವೇ ತಿಂಗಳಲ್ಲಿ ಅದು ಊದತೊಡಗಿದ್ದು ಕನ್ನಡಿಗಿಂತ ಮೊದಲೇ ಅವರ ಕಣ್ಣಿಗೆ ಗೊತ್ತಾಯಿತು. ಕಣ್ಣಳತೆಯ ಮೇಲೆ ಅವರಿಗೆ ಮೊದಲ ಬಾರಿಗೆ ಸಿಟ್ಟು ಬಂತು.

ನಾಚಿಕೆಯಾಯಿತು, ವಿಪರೀತ ನಾಚಿಕೆ. ಬೇರೆ ಯಾರಾದರೂ ಆಗಿದ್ದರೆ ದೊಗಲೆ ಅಂಗಿ ಹಾಕಿಕೊಂಡು ಸುಮ್ಮನಿರುತ್ತಿದ್ದರು. ಇವರು ಕಸುಬುದಾರರಲ್ಲವೇ! ಹೆಂಡತಿ ಮಧ್ಯಾಹ್ನ ಮನೆಗೆ ಹೋದಾಗ, ಕಾಲರಿಗೆ ಹಾಕುವ ದಪ್ಪ ಕ್ಯಾನ್ವಾಸ್ ಎರಡು ಪದರ ಇಟ್ಟು ಬಿಗಿಯಾದ ಒಳಅಂಗಿ ಹೊಲಿದುಕೊಂಡರು. ಅದನ್ನು ತೊಟ್ಟರೆ ಎದೆ ಇಸ್ತ್ರಿ ಹಾಕಿದ ಹಾಗೆ ಚಪ್ಪಟೆ. ಅಷ್ಟಕ್ಕೂ ಸಮಾಧಾನವಾಗದೆ, ಇದೆಲ್ಲ ಮಾತ್ರೆಯದೇ ಕಿತಾಪತಿ ಎಂಬ ಗುಮಾನಿಯಲ್ಲಿ ಯಾರಿಗೂ ಹೇಳದೆ ಅದನ್ನೂ ಬಿಟ್ಟರು.

ಸೆಕೆಯ ಒಂದು ದಿನ ಇಸ್ತ್ರಿ ಹಾಕುತ್ತಿದ್ದವರು ಉಸಿರು ಸಿಗದೆ ಬಟ್ಟೆರಾಶಿಯ ಮೇಲೆ ಕುಸಿದುಬಿದ್ದರು. ಹೆಂಡತಿ ಸ್ಟೂಲಿನಿಂದ ಎದ್ದು ಓಡಿ ಬಂದಳು. ಅಂಗಿ ಬಿಚ್ಚಿದರೆ ಒಳಗೆ ಈ ಕೋಟೆ! ದೊಡ್ಡ ಕತ್ತರಿ ತಂದು ಕರಕರ ಕತ್ತರಿಸಿದಳು. ಮಾಸ್ಟರ್ ಕಣ್ಣು ಬಿಟ್ಟ ಮೇಲೆ ಅವಳು ಆಡಿದ ಮೊದಲ ಮಾತು: "ಹೊಲಿಗೆ ಮಾತ್ರ ಅಚ್ಚುಕಟ್ಟಾಗಿದೆ, ಬುದ್ಧಿ ಎಲ್ಲಿಟ್ಟಿದ್ರಿ?"

ಸಂಜೆ ಡಾಕ್ಟರಮ್ಮನ ಮುಂದೆ ಹೆಂಡತಿಯ ಪಕ್ಕ ಮಾಸ್ಟರ್ ತಲೆ ತಗ್ಗಿಸಿ ಕೂತರು.

"ನೋಡಿ ಮಾಸ್ಟ್ರೇ, ನಿಮ್ಮ ಗಡ್ಡೆ ಬೆಳೆಯೋದೇ ಗಂಡು ಹಾರ್ಮೋನಿನಿಂದ. ಈ ಮಾತ್ರೆ ಅದು ಒಳಗೆ ಹೋಗೋ ಬಾಗಿಲಿಗೆ ಅಡ್ಡ ನಿಲ್ಲುತ್ತೆ. ಹೊರಗೇ ಉಳಿದದ್ರಲ್ಲಿ ಒಂದಿಷ್ಟು ಹೆಣ್ಣು ಹಾರ್ಮೋನಾಗಿ ಬದಲಾಗುತ್ತೆ, ಎದೆ ಊದೋದು ಅದಕ್ಕೇ. ಈ ಮಾತ್ರೆ ತಗೊಳ್ಳೋ ಗಂಡಸರಲ್ಲಿ ಸುಮಾರು ಜನಕ್ಕೆ ಹೀಗಾಗುತ್ತೆ."

"ಇಳಿಯುತ್ತಾ?"

"ನೋವಿಗೆ ಔಷಧಿ ಕೊಡ್ತೀನಿ. ಊತ ಪೂರ್ತಿ ಇಳಿಯುತ್ತೆ ಅಂತ ಮಾತು ಕೊಡಲ್ಲ. ಆದ್ರೆ ಮಾತ್ರೆ ಬಿಡಬೇಡಿ, ಬಿಟ್ರೆ ಕಾಯಿಲೆ ಮತ್ತೆ ತಲೆ ಎತ್ತುತ್ತೆ."

ಮಾಸ್ಟರ್ ಹೂಂ ಅನ್ನಲಿಲ್ಲ. ಅದು ಹೆಂಡತಿಯ ಗಮನಕ್ಕೆ ಬಾರದೆ ಇರುತ್ತದೆಯೇ?

ಅಂಗಡಿಗೆ ಮರಳಿ ಬಾಗಿಲು ಮುಂದಕ್ಕೆಳೆದು ಕೇಳಿದಳು. "ಮಾತ್ರೆ ತಗೋತಿದೀರಿ ತಾನೆ?"

"ಬಿಟ್ಟು ಒಂದು ವಾರ ಆಯ್ತು ಕಣೇ. ದಿನಾ ಹೆಂಗಸರು ಬಂದು ಎದುರಿಗೆ ನಿಲ್ತಾರೆ. ಯಾರಾದ್ರೂ ನೋಡಿ ನಕ್ಕರೆ?"

"ಅವರಿಗೆ ತಮ್ಮ ತೋಳು ಬಿಗಿ ಆಯ್ತೇನೋ ಅನ್ನೋ ಚಿಂತೆ. ನಿಮ್ಮನ್ನ ಯಾರು ನೋಡ್ತಾರೆ, ಸಿನಿಮಾ ಹೀರೋನಾ ನೀವು?" ಬೈಯುತ್ತಲೇ ಅವಳ ದನಿ ಒಡೆಯಿತು. "ನೀವೇ ಇಲ್ಲದ ಮನೇಲಿ ನಿಮ್ಮ ಚಪ್ಪಟೆ ಎದೆ ಇಟ್ಕೊಂಡು ನಾನೇನು ಮಾಡ್ಲಿ, ರೀ?"

ತಾನು ಬಿಟ್ಟದ್ದು ಬರೀ ಮಾತ್ರೆಯನ್ನಲ್ಲ, ಇವಳ ಜೊತೆ ಕೂರುವ ವರ್ಷಗಳನ್ನು ಎಂಬುದು ಮಾಸ್ಟರಿಗೆ ಆಗ ಹೊಳೆಯಿತು. ಎದ್ದು ಹೋಗಿ ಡ್ರಾಯರಿನಿಂದ ಮಾತ್ರೆ ತೆಗೆದು, ಅವಳ ಎದುರೇ ನುಂಗಿ ನೀರು ಕುಡಿದರು.

ಅವಳು ಕಣ್ಣೊರೆಸಿಕೊಂಡು ಮಾಸ್ಟರ ಕೊರಳಿನಿಂದ ಟೇಪನ್ನು ಎಳೆದುಕೊಂಡಳು. "ನೆಟ್ಟಗೆ ನಿಲ್ಲಿ, ಹೊಸ ಅಂಗಿ ಹೊಲೀಬೇಕು." ಲೆಕ್ಕವಿಲ್ಲದಷ್ಟು ಜನರಿಗೆ ಟೇಪು ಹಿಡಿದವರು ಈಗ ಶಾಲೆಯ ಹುಡುಗನ ಹಾಗೆ ಮುದುಡಿಕೊಂಡು ನಿಂತರು.

"ಉಸಿರು ಬಿಡ್ರೀ! ಹಿಡ್ಕೊಂಡ್ರೆ ಅಳತೆ ತಪ್ಪುತ್ತೆ."

ಬಿಟ್ಟರು.

"ನಲವತ್ತೊಂದು," ಎಂದಳು.

"ಮೂರಿಂಚು ಲೂಸ್ ಬಿಡು," ಎಂದರು ಮಾಸ್ಟರ್. "ಇನ್ನೂ ವರ್ಷಗಟ್ಟಲೆ ಮಾತ್ರೆ ನುಂಗೋದಿದೆ."