ಹಿಮಗೋಡೆಯ ಕಾಲು ಮೇಲೆದ್ದ ದಿನ

ಆಬಿಯಾ ತೀರಿಕೊಂಡ ಮೇಲೆ ಅವನ ಹೆಂಡತಿ ಕೆತುರಾ ದೋಣಿ ಮಾರಿಬಿಡುತ್ತಾಳೆ ಎಂದೇ ಊರವರೆಲ್ಲ ತಿಳಿದಿದ್ದರು. ಉಪೆರ್ನಾವಿಕ್ ಪಟ್ಟಣದಿಂದ ಆಚೆ, ಗ್ರೀನ್‌ಲ್ಯಾಂಡಿನ ಪಡುವಣ ಕಡಲಿಗೆ ಮುಖ ಮಾಡಿದ ಆ ಪುಟ್ಟ ಹಳ್ಳಿಯಲ್ಲಿ ಒಳ್ಳೆಯ ದೋಣಿಯ ಮೇಲೆ ಕಣ್ಣಿಟ್ಟವರಿಗೇನೂ ಕಡಿಮೆಯಿರಲಿಲ್ಲ. ಕೆತುರಾ ಮೀನು ಕಾರ್ಖಾನೆಯಲ್ಲಿ ಚಾಕು ಹಿಡಿದು ಹ್ಯಾಲಿಬಟ್ ಮೀನಿನ ತಲೆ ಕತ್ತರಿಸುತ್ತಿದ್ದವಳು. ಐವತ್ತು ದಾಟಿದ ಹೆಂಗಸು, ಮಂಡಿನೋವು ಬೇರೆ. ಆದರೆ ವಸಂತದಲ್ಲಿ ಕೊಲ್ಲಿಯ ಮೇಲಿನ ಹೆಪ್ಪು ಒಡೆದು ನೀರು ಕಂಡದ್ದೇ ತಡ, ಅವಳು ಕಾರ್ಖಾನೆಯ ಏಪ್ರನ್ ಬಿಚ್ಚಿ ಗೂಟಕ್ಕೆ ನೇತುಹಾಕಿ, ನೂರಾರು ಗಾಳ ಕಟ್ಟಿದ ಹಗ್ಗದ ತೊಟ್ಟಿಯನ್ನು ಹೊತ್ತುಕೊಂಡು ದಡಕ್ಕೆ ಹೋದಳು.

ಮೊದಲ ದಿನ ದೋಣಿ ಕಟ್ಟೆಗೆ ಢಿಕ್ಕಿ ಹೊಡೆಯಿತು. ಅದನ್ನು ನೋಡಿದವನು ಗಾಬಾ. ಅವನೂ ಅದೇ ಕೊಲ್ಲಿಯಲ್ಲಿ ಮೀನು ಹಿಡಿಯುವವನು, ಹೆಂಡತಿ ಬಿಟ್ಟುಹೋಗಿ ಎಷ್ಟೋ ವರ್ಷವಾಗಿ ಒಂಟಿಯಾಗಿದ್ದವನು, ಬಾಯಿ ಮಾತ್ರ ಸುಮ್ಮನಿರದವನು. ದೋಣಿಗಳ ರೇಡಿಯೋದಲ್ಲಿ ಒಬ್ಬರು ಮಾತಾಡಿದ್ದು ಊರಿಗೆಲ್ಲ ಕೇಳಿಸುತ್ತದೆ ಎಂದು ಗೊತ್ತಿದ್ದೂ ಅವನು ಶುರು ಮಾಡಿದ.

"ಕೆತುರಾ, ದೋಣಿಗೆ ರಿವರ್ಸ್ ಅಂತ ಒಂದಿದೆ. ಯಾರಾದ್ರೂ ಹೇಳಿದಾರಾ ನಿಂಗೆ?"

"ನಿನ್ನ ಬಾಯಿಗೂ ಒಂದು ಇದ್ದಿದ್ರೆ ಚೆನ್ನಾಗಿರ್ತಿತ್ತು ಗಾಬಾ," ಎಂದಳು ಕೆತುರಾ.

ಅಂದಿನಿಂದ ಊರಿನ ಅಡುಗೆಮನೆಗಳಲ್ಲಿ ಬೆಳಗ್ಗೆ ರೇಡಿಯೋದ ದನಿ ಸ್ವಲ್ಪ ಏರಿತು. ಇವತ್ತು ಇಬ್ಬರಲ್ಲಿ ಯಾರು ಏನಂದರು ಎಂಬುದು ಅಂಗಡಿ ಸಾಲಿನಲ್ಲೂ ಚರ್ಚೆಯಾಗುತ್ತಿತ್ತು.

ಮೀನು ಹೇರಳವಾಗಿದ್ದದ್ದು ಕೊಲ್ಲಿಯ ಒಳತುದಿಯಲ್ಲಿ, ಹಿಮನದಿ ಬಂದು ಕಡಲಿಗಿಳಿಯುವ ಕಡೆ. ಅಲ್ಲಿ ಹಿಮ ಗೋಡೆಯಂತೆ ನೆಟ್ಟಗೆ ನಿಂತಿರುತ್ತದೆ. ಆ ಗೋಡೆ ಯಾಕೆ ಬೀಳುತ್ತದೆ ಎಂಬುದನ್ನು ಆಬಿಯಾ ಮದುವೆಯಾದ ಹೊಸದರಲ್ಲೇ ಹೆಂಡತಿಗೆ ತೋರಿಸಿಕೊಟ್ಟಿದ್ದ. ಸಕ್ಕರೆಯ ಚೌಕವೊಂದನ್ನು ಬೆರಳಲ್ಲಿ ಹಿಡಿದು ಬುಡವನ್ನಷ್ಟೇ ಕಾಫಿಗೆ ತಾಗಿಸಿದ್ದ. ಬುಡ ಸವೆಯಿತು, ಮೇಲಿನ ಅರ್ಧ ತಾನಾಗಿಯೇ ಕಳಚಿ ಬಟ್ಟಲಿಗೆ ಬಿತ್ತು. ಬಿಸಿಲು ಗೋಡೆಯ ನೆತ್ತಿಯನ್ನು ಮಾತ್ರ ನೆಕ್ಕುತ್ತದೆ, ಅದನ್ನು ತಿನ್ನುವುದು ಕಡಲು ಎಂದಿದ್ದ. ಮೇಲೆ ಕರಗಿದ ನೀರು ಬಿರುಕುಗಳಲ್ಲಿ ಇಳಿದು, ಹಿಮದ ಹೊಟ್ಟೆಯಡಿ ಹರಿದು, ಗೋಡೆಯ ಪಾದದ ಹತ್ತಿರ ಕಡಲೊಳಕ್ಕೆ ನುಗ್ಗುತ್ತದೆ. ಸಿಹಿನೀರು ಹಗುರವಾದ್ದರಿಂದ ಗೋಡೆಗೆ ಒತ್ತಿಕೊಂಡೇ ಮೇಲೇರುತ್ತದೆ. ಅದು ಏರಿದಂತೆಲ್ಲ ದೂರದ ಸಾಗರದಿಂದ ಆಳದಲ್ಲಿ ಬಂದ, ಅಷ್ಟೊಂದು ತಣ್ಣಗಿರದ ಉಪ್ಪುನೀರು ಆ ಸೆಳೆತಕ್ಕೆ ಸಿಕ್ಕಿ ಒಳಕ್ಕೆ ಬಂದು ಹಿಮದ ಬುಡವನ್ನು ಕೊರೆಯುತ್ತದೆ. ಹ್ಯಾಲಿಬಟ್‌ಗೂ ಆ ಆಳದ ನೀರೇ ಇಷ್ಟ. ಹಾಗಾಗಿ ಗೋಡೆಯನ್ನು ಕೆಡವುವ ನೀರೂ ಊರಿಗೆ ಅನ್ನ ಹಾಕುವ ನೀರೂ ಒಂದೇ.

ಹೀಗೆ ಐದಾರು ಬೇಸಿಗೆ ಕಳೆದ ಮೇಲೆ, ಆಗಸ್ಟ್ ತಿಂಗಳ ಒಂದು ಬೆಳಗ್ಗೆ ಕೆತುರಾ ಅಲ್ಲಿ ಹಗ್ಗ ಎತ್ತುತ್ತಿದ್ದಳು. ಗಾಳಗಾಳಕ್ಕೂ ಮೀನು. ಗೋಡೆಯ ಬುಡದಲ್ಲಿ ಮಣ್ಣುಬಣ್ಣದ ನೀರು ಕುದಿಯುವಂತೆ ಮೇಲೆ ಬಂದು ಹರಡಿತ್ತು, ಅದರ ಮೇಲೆ ಕಡಲಹಕ್ಕಿಗಳು ಕಿರುಚಾಡಿಕೊಂಡು ಮುಗಿಬಿದ್ದಿದ್ದವು. ಗಾಬಾನ ದೋಣಿ ಅವಳಿಗಿಂತ ಒಳಗಿತ್ತು, ಇರಬಾರದಷ್ಟು ಒಳಗೆ. ಅವನು ಅವತ್ತು ರೇಡಿಯೋದಲ್ಲಿ ಒಂದು ಮಾತೂ ಆಡಿರಲಿಲ್ಲ. ಅದೇ ಅವಳಿಗೆ ಅನುಮಾನ ತಂದಿತು. ಕೂಗಿ ಕೇಳಿದಾಗ ಗೊತ್ತಾಯಿತು, ಪುಡಿ ಹಿಮ ಸೇರಿಕೊಂಡು ಮೋಟಾರನ್ನು ತಂಪಾಗಿಸುವ ನೀರು ಒಳಹೋಗುವ ತೂತು ಕಟ್ಟಿದೆ, ಮೋಟಾರು ಬಿಸಿಯೇರಿ ನಿಂತುಹೋಗಿದೆ, ಗಾಳಿ ಅವನನ್ನು ಮೆಲ್ಲಗೆ ಗೋಡೆಯತ್ತ ತಳ್ಳುತ್ತಿದೆ. ನಾಚಿಕೆಗೆ ಅವನು ಯಾರನ್ನೂ ಕರೆದಿರಲಿಲ್ಲ.

ಕೆತುರಾ ಒಂದು ಕ್ಷಣ ತನ್ನ ಹಗ್ಗವನ್ನು ನೋಡಿದಳು. ಆಮೇಲೆ ಕಾರ್ಖಾನೆಯ ಕಾಲದ ಅದೇ ಚಾಕುವಿನಿಂದ ಅದನ್ನು ಕತ್ತರಿಸಿಬಿಟ್ಟಳು. ತುದಿಗೆ ಒಂದು ತೇಲುಗುಂಡು ಕಟ್ಟಿ ಎಸೆದು, ದೋಣಿಯನ್ನು ಒಳಕ್ಕೆ ತಿರುಗಿಸಿದಳು. ಗೋಡೆಯೊಳಗಿಂದ ಗುಡುಗಿನಂಥ ಸದ್ದು ಒಂದೆರಡು ಸಲ ಬಂತು. ಅವಳು ಎಸೆದ ಹುರಿಯನ್ನು ಗಾಬಾ ಹಿಡಿದು ಕಟ್ಟಿದ. ಇಬ್ಬರೂ ಹಿಮದ ಚೂರುಗಳ ನಡುವೆ ದಾರಿ ಮಾಡಿಕೊಂಡು ಹೊರಬರುತ್ತಿದ್ದಾಗ ಹಕ್ಕಿಗಳೆಲ್ಲ ಒಟ್ಟಿಗೆ ಮೇಲೆದ್ದವು. ಹಿಂದೆಯೇ ಗೋಡೆಯ ಮೇಲ್ಭಾಗ, ಊರಿನ ಚರ್ಚು, ಶಾಲೆ ಎರಡನ್ನೂ ಸೇರಿಸಿದಷ್ಟು ದೊಡ್ಡದು, ನಿಧಾನವಾಗಿ ಮುಂದಕ್ಕೆ ಬಾಗಿ ಕುಸಿಯಿತು. ಕೆತುರಾ ದೋಣಿಯ ಮೂತಿಯನ್ನು ಅಲೆಗೆ ನೇರ ಮಾಡಿದಳು. ದೋಣಿಗಳೆರಡೂ ಏರಿದವು, ಇಳಿದವು, ಮತ್ತೆ ಏರಿದವು. ಮೀನೆಲ್ಲ ದೋಣಿಯೊಳಗೇ ಜಾರಾಡಿತು.

ನೀರು ಒಂದಿಷ್ಟು ಶಾಂತವಾದಾಗ ಗಾಬಾ ಅವಳ ತೇಲುಗುಂಡನ್ನು ಕಂಡ. ಅಲೆಗೆ ಒಳಕ್ಕೆ ಸರಿದು, ಗೋಡೆಯ ಮುಂದೆಯೇ ಅದು ತೇಲುತ್ತಿತ್ತು.

"ಅಕೋ ನಿನ್ನ ಹಗ್ಗ! ಬಿದ್ದದ್ದು ಬಿದ್ದಾಯ್ತಲ್ಲ, ಹೋಗಿ ತಂದುಬಿಡೋಣ," ಎಂದ. ತನ್ನಿಂದಾಗಿ ಅವಳ ಮೀನು ಹೋಯಿತೆಂಬ ಸಂಕಟ ಅವನಿಗೆ.

"ತಲೆ ಮಾತ್ರ ಬಿದ್ದಿದೆ. ಕಾಲು ಇನ್ನೂ ನೀರೊಳಗೇ ಇದೆ. ಸುಮ್ನೆ ಕೂತ್ಕೋ."

"ನಿನ್ನ ಮೀನು ಕಣೇ..."

"ನನ್ನ ಮೀನು ತಾನೆ? ನೀನ್ಯಾಕೆ ಅಳ್ತೀಯ?"

ಅವಳು ಮೋಟಾರನ್ನು ಇನ್ನಷ್ಟು ಜೋರು ಮಾಡಿ ದೂರ ಬಂದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಗಾಬಾ ಮತ್ತೆ ಬಾಯಿ ತೆಗೆಯುವುದರಲ್ಲಿದ್ದ. ಅಷ್ಟರಲ್ಲಿ ತೇಲುಗುಂಡಿದ್ದ ಕಡೆ ಕಡಲು ಗುಡ್ಡೆಯಂತೆ ಉಬ್ಬಿತು. ಅದನ್ನು ಸೀಳಿಕೊಂಡು ಕಡುನೀಲಿ ಬಣ್ಣದ ಹಿಮದ ತುಂಡೊಂದು, ತಿಮಿಂಗಿಲ ಏಳುವಂತೆ ಮೇಲೆದ್ದು, ಮೈಯಿಂದ ನೀರು ಸುರಿಸುತ್ತ ನಿಂತು, ಮಗುಚಿ ಬಿತ್ತು. ನೆತ್ತಿಯ ಭಾರ ಹೋದ ಮೇಲೆ ಆಳದಲ್ಲಿ ಉಳಿದಿದ್ದ ಗೋಡೆಯ ಪಾದ ಮುರಿದುಕೊಂಡು ಎದ್ದಿತ್ತು. ಗಾಬಾ ಅದನ್ನೇ ನೋಡುತ್ತ ಕೂತ. ಊರಿಗೆ ಹೋಗುವ ದಾರಿ ಹಿಮದಿಂದ ಮುಚ್ಚಿಹೋದದ್ದು ಅವನ ಗಮನಕ್ಕೆ ಬಂದದ್ದು ಎಷ್ಟೋ ಹೊತ್ತಿನ ಮೇಲೆ.

ಗಾಳಿ ತಿರುಗಿ ಹಿಮ ಚದುರುವತನಕ ಕಾಯಬೇಕು. ಅಲೆ ಮುಟ್ಟದ ಎತ್ತರದ ಬಂಡೆಯ ಮೇಲೆ ಒಲೆ ಹಚ್ಚಿದರು. ಕ್ಷೇಮವಾಗಿದ್ದೇವೆಂದು ಕೆತುರಾ ರೇಡಿಯೋದಲ್ಲಿ ಹೇಳಿದಾಗ, ಅಂಗಡಿಯ ಸಬೀನಾ, ಇಬ್ಬರೂ ಒಂದೇ ಬಂಡೆಯ ಮೇಲಿದ್ದೀರಾ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಗಾಬಾ ಮೀನು ಹೆಚ್ಚಿದ, ಕೆತುರಾ ಹುರಿದಳು. ಬಂಡೆಯ ಸಂದಿಯಲ್ಲಿ ಕಪ್ಪುಹಣ್ಣು ಸಿಕ್ಕಿತು. ಮಂಡಿನೋವಿಗೆಂದು ಅವನು ತಾನು ಮಲಗುವ ಕುರಿತುಪ್ಪಳದ ಚೀಲವನ್ನು ಅವಳ ಕಾಲಡಿಗೆ ಹಾಕಿದ, ಅದರ ಬಗ್ಗೆ ಒಂದು ತಮಾಷೆಯನ್ನೂ ಮಾಡಲಿಲ್ಲ.

ಹುರಿಯುವ ಸೌಟನ್ನು ಅವಳ ಕೈಯಿಂದ ತೆಗೆದುಕೊಂಡು ಅಂದ: "ನನ್ನ ಮೋಟಾರು ಕೆಟ್ಟಿದೆ. ನಿನ್ನ ಹಗ್ಗ ಹೋಗಿದೆ. ಒಂದೇ ದೋಣೀಲಿ ಹೋದ್ರೆ ಹೇಗೆ, ಇನ್ನು ಮುಂದೆ?"

"ಮೀನು ಸೀದುಹೋಗ್ತಿದೆ, ತಿರುಗಿಸು," ಎಂದಳು ಕೆತುರಾ. ಅವನು ತಿರುಗಿಸಿದ. ಅವಳು ಇಲ್ಲ ಅನ್ನಲಿಲ್ಲವೆಂಬುದು ಮಾರನೆಯ ದಿನ ಊರು ಸೇರುವ ಹೊತ್ತಿಗೆ ಅವನಿಗೆ ಹೊಳೆಯಿತು.

ಆದರೆ ಮದುವೆಗೆ ಇನ್ನೊಬ್ಬರ ಒಪ್ಪಿಗೆ ಬೇಕಿತ್ತು. ಆಬಿಯಾ ಸತ್ತ ಸ್ವಲ್ಪದರಲ್ಲೇ ಪಕ್ಕದ ಮನೆಯಲ್ಲಿ ಹುಟ್ಟಿದ ಹೆಣ್ಣುಮಗುವಿಗೆ, ಆ ಊರಿನಲ್ಲಿ ನಡೆದುಬಂದ ಹಾಗೆ, ಅವನದೇ ಹೆಸರಿಟ್ಟಿದ್ದರು. ಹೆಸರು ಬಂದರೆ ಮನುಷ್ಯನೂ ಬಂದ ಹಾಗೆ. ಕೆತುರಾ ಆ ಹುಡುಗಿಯನ್ನು "ನಮ್ಮೆಜಮಾನ್ರು" ಎಂದೇ ಕರೆಯುತ್ತಿದ್ದಳು, ಅವಳ ಹುಟ್ಟುಹಬ್ಬಕ್ಕೆ ತಪ್ಪದೆ ಕೇಕು ಮಾಡುತ್ತಿದ್ದಳು. ಈಗ ಗಾಬಾ ತಲೆ ಬಾಚಿಕೊಂಡು, ಹಬ್ಬಕ್ಕೆ ತೊಡುವ ಶುಭ್ರವಾದ ಬಿಳಿ ಅನೋರಾಕ್ ಅಂಗಿ ತೊಟ್ಟು ಅವಳೆದುರು ಕೂತ. ಕೆತುರಾ ವಿಷಯ ಹೇಳಿದಳು. ಹುಡುಗಿ ಬಾಯಲ್ಲಿದ್ದ ಒಣಮೀನನ್ನು ಪೂರ್ತಿ ಅಗಿದು ನುಂಗಿದಳು.

"ಇರ್ಲಿ. ಆದ್ರೆ ಕಿಟಕಿ ಹತ್ರದ ಕುರ್ಚೀಲಿ ಅವ್ನು ಕೂರ್ಬಾರ್ದು. ಅದು ನಂದು."

ಕಿಟಕಿಯ ಬಳಿ ಆಗ ಕುರ್ಚಿ ಇರಲಿಲ್ಲ. ಆಬಿಯಾ ಕೂರುತ್ತಿದ್ದ ಅದನ್ನು, ಅವನು ತೀರಿಕೊಂಡ ವಾರವೇ ಕೆತುರಾ ಅಟ್ಟಕ್ಕೆ ಏರಿಸಿದ್ದಳು. ಅವಳು ಮುಖ ತಿರುಗಿಸಿ ಕಾಫಿ ಸೋಸತೊಡಗಿದಳು, ಸೋಸಿದ್ದನ್ನೇ ಮತ್ತೊಮ್ಮೆ ಸೋಸಿದಳು. ಗಾಬಾ ಅಟ್ಟ ಹತ್ತಿ ಕುರ್ಚಿಯನ್ನು ತಾನೇ ಇಳಿಸಿ ತಂದು, ಒರೆಸಿ, ಕಿಟಕಿಯ ಬಳಿ ಇಟ್ಟ. ಹುಡುಗಿ ಹತ್ತಿ ಕೂತಳು. ಮದುವೆಯ ಕಾಫಿಗೆ ಊರಿಗೆ ಊರೇ ಬಂದರೂ ಆ ಕುರ್ಚಿ ಅವಳಿಗೇ ಮೀಸಲಾಗಿತ್ತು. ಗಾಬಾ ಒಲೆಯ ಪಕ್ಕದ ಬೆಂಚಿಗೆ ಒಗ್ಗಿಕೊಂಡ.

ಈಗ ಹಿಮದ ಗೋಡೆ ಕೊಲ್ಲಿಯ ತಿರುವಿನಾಚೆ ಹಿಂದಕ್ಕೆ ಸರಿದಿದೆ. ಅದರ ಒಂದು ಬದಿ ನೀರು ಬಿಟ್ಟು ಬಂಡೆಯ ಮೇಲೇರಿದೆ. ಆ ಬದಿಯಲ್ಲಿ ಇನ್ನು ಬೀಳುವುದು ಏಳುವುದು ಇಲ್ಲ, ಬೇಸಿಗೆಯಲ್ಲಿ ಹಿಮ ಕರಗಿ ಸಣ್ಣ ತೊರೆಯಾಗಿ ಹರಿಯುತ್ತದೆ, ಅಷ್ಟೆ. ಇನ್ನೊಂದು ಬದಿಯನ್ನು ಕಡಲು ಇನ್ನೂ ತಿನ್ನುತ್ತಲೇ ಇದೆ. ಹೋದ ಶರತ್ಕಾಲದಲ್ಲಿ ಗಂಡ ಹೆಂಡತಿ, ಮೊದಲೆಲ್ಲ ಹಿಮವೇ ಇದ್ದ, ಯಾರ ದೋಣಿಯೂ ಹೋಗಿರದ ನೀರಿಗೆ ಹೋದರು. ಅಲ್ಲಿಗಿನ್ನೂ ಹೆಸರಿರಲಿಲ್ಲ. ಹಗ್ಗ ಇಳಿಬಿಟ್ಟರೆ ಇಳಿಯುತ್ತಲೇ ಹೋಯಿತು. ಏನು ಹೆಸರಿಡುವುದೆಂದು ಗಾಬಾ ಒಂದೊಂದಾಗಿ ಹೇಳಿದ, ಕೆತುರಾ ಒಂದೊಂದಾಗಿ ತಳ್ಳಿಹಾಕಿದಳು. ರೇಡಿಯೋ ಕೇಳುತ್ತಿದ್ದ ಊರವರೂ ತಮ್ಮ ತಮ್ಮ ಹೆಸರು ಸೇರಿಸಿದರು. ಹಗ್ಗ ಎತ್ತುವ ಹೊತ್ತಾದರೂ ಯಾವುದೂ ಗಟ್ಟಿಯಾಗಲಿಲ್ಲ. ಹಗ್ಗ ಮಾತ್ರ ಭಾರವಾಗಿ ಬಂತು, ಇಬ್ಬರೂ ಸೇರಿಯೇ ಎಳೆಯಬೇಕಾಯಿತು.